ಬೀಗ ಹಾಕಿದವರೇ ಮೆಟ್ಟಿಲು ಹತ್ತಬೇಕು

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಿಯಮ ಸಮಿತಿಯ ಮತ ನಾಲ್ಕಕ್ಕೆ ನಾಲ್ಕಾಯಿತು. ಒಂಬತ್ತನೆಯ ಸದಸ್ಯೆ ಇನ್ನೂ ಕೈ ಎತ್ತಿರಲಿಲ್ಲ.

ಮೇಲ್ಮನೆಗೆ ಆರಿಸಿ ಬರುವ ಮುಂಚೆ ಅವಳು ಇಪ್ಪತ್ಮೂರು ವರ್ಷ ಲಿಫ್ಟು ಮತ್ತು ಕ್ರೇನುಗಳ ತಪಾಸಣೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವಳು. ಸದನದಲ್ಲಿ ಎದುರಿಗೆ ಮೇಡಂ ಅನ್ನುತ್ತಿದ್ದರು, ಬೆನ್ನ ಹಿಂದೆ ಲಿಫ್ಟಮ್ಮ. ಎರಡನೆಯದು ಅವಳ ಕಿವಿಗೂ ಬಿದ್ದಿತ್ತು. ಬೇಜಾರೇನೂ ಇರಲಿಲ್ಲ.

ಸಮಿತಿಯ ಮುಂದಿದ್ದ ಪ್ರಶ್ನೆ ಒಂದೇ. ಮುಖ್ಯ ನ್ಯಾಯಮೂರ್ತಿಯ ಮೇಲೆ ಮಹಾಭಿಯೋಗ ನಡೆಯಲಿತ್ತು. ಸದನವೇ ನ್ಯಾಯಾಲಯವಾಗಿ ಕೂತು, ಆರೋಪ ಸಾಬೀತಾದರೆ ಅವರನ್ನು ಪದವಿಯಿಂದ ಇಳಿಸಬೇಕು. 'ಸಾಬೀತಾದರೆ' ಎಂದಷ್ಟೇ ಸಂವಿಧಾನ ಹೇಳಿತ್ತು. ಎಷ್ಟು ಸಾಬೀತಾಗಬೇಕು ಎಂದು ಹೇಳಿರಲಿಲ್ಲ. ಕೊಲೆ, ಕಳವಿನ ಮೊಕದ್ದಮೆಯಲ್ಲಿ ಬೇಕಾಗುವ ಹಾಗೆ ಸಂಶಯಕ್ಕೆ ಎಡೆಯೇ ಇಲ್ಲದಷ್ಟೋ, ಅದಕ್ಕಿಂತ ಕಡಿಮೆ ಸಾಕೋ? ಹಿಂದೆಂದೂ ಇಂಥ ವಿಚಾರಣೆ ನಡೆದಿರಲಿಲ್ಲವಾದ್ದರಿಂದ ನೋಡಿ ಬರೆಯಲು ಹಳೆಯ ಕಡತವೂ ಇರಲಿಲ್ಲ.

ಆರೋಪ ಹೀಗಿತ್ತು. ಮುಖ್ಯ ನ್ಯಾಯಾಲಯದಲ್ಲಿ ಆರು ಪೀಠಗಳು. ಯಾವ ಮೊಕದ್ದಮೆ ಯಾವ ಪೀಠಕ್ಕೆ ಹೋಗಬೇಕೆಂದು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಎರಡು ವರ್ಷಗಳಲ್ಲಿ ಒಂದು ಸಿಮೆಂಟು ಕಂಪನಿಯ ಹದಿನೇಳು ಮೊಕದ್ದಮೆಗಳು ಬಂದವು. ಹದಿನೇಳೂ ಒಂದೇ ಪೀಠಕ್ಕೆ ಹೋದವು, ಹದಿನೇಳರಲ್ಲೂ ಕಂಪನಿ ಗೆದ್ದಿತು. ಚೀಟಿ ಡಬ್ಬಿಗೆ ಎರಡು ಬೀಗ. ಒಂದರ ಬೀಗದಕೈ ಮುಖ್ಯ ನ್ಯಾಯಮೂರ್ತಿಯ ಬಳಿ, ಇನ್ನೊಂದರದು ಗುಮಾಸ್ತನ ಬಳಿ. 'ಸಾಹೇಬರು ಫೋನಿನಲ್ಲಿ ಹೇಳಿದ ಪೀಠವನ್ನೇ ಬರೆದೆ' ಎಂಬುದು ಗುಮಾಸ್ತನ ಹೇಳಿಕೆ. ಇದೇ ಗುಮಾಸ್ತ ಹಿಂದೊಮ್ಮೆ ಸುಳ್ಳು ವೈದ್ಯಕೀಯ ಪತ್ರ ಕೊಟ್ಟು ರಜೆ ಹಾಕಿ ಸಿಕ್ಕಿಬಿದ್ದಿದ್ದ. ಮುಖ್ಯ ನ್ಯಾಯಮೂರ್ತಿ ಈವರೆಗೆ ಏನೂ ಹೇಳಿರಲಿಲ್ಲ. 'ಸಾಬೀತುಪಡಿಸಿ' ಎಂದು ಅವರ ಪರವಾಗಿ ಒಂದು ಸಾಲಿನ ಪತ್ರ ಬಂದಿತ್ತು, ಅಷ್ಟೆ.

"ಮೇಡಂ, ನಿಮ್ಮ ಕೈ?" ಎಂದು ಸಮಿತಿಯ ಅಧ್ಯಕ್ಷರು ಕೇಳಿದರು. ಮೂವತ್ತು ವರ್ಷ ಭೂಗೋಳ ಪಾಠ ಮಾಡಿದ ಮೇಷ್ಟ್ರು ಅವರು. ಈಗಲೂ ಹಾಜರಿ ಕರೆಯುವ ದನಿಯಲ್ಲೇ ಮಾತು.

"ಇನ್ನೂ ಯೋಚನೆ ಮಾಡ್ತಿದೀನಿ ಸಾರ್."

"ಹಗ್ಗ ಹಿಡಿದು ಜಗ್ಗಿ ನೋಡ್ತಿದಾರೆ, ತಾಳಿ" ಎಂದು ಎದುರು ಸಾಲಿನ ಡಾಕ್ಟರು ನಕ್ಕರು. ಆಕೆ ಕಡಿಮೆ ಸಾಬೀತು ಸಾಕೆನ್ನುವವರ ಮುಂದಾಳು. "ಇದರಲ್ಲಿ ಯೋಚನೆ ಎಂಥದ್ದು? ಆಪರೇಷನ್ ಮಾಡೋ ಡಾಕ್ಟರ ಕೈ ನಡುಗ್ತಿದೆ ಅಂತ ನರ್ಸು ಬಂದು ಹೇಳಿದ್ರೆ, ನಾನೇನು ಸಂಶಯಾತೀತವಾಗಿ ಸಾಬೀತಾಗಲಿ ಅಂತ ಕಾಯ್ತೀನಾ? ಮೊದಲು ಚಾಕು ಕೆಳಗಿಡಿಸ್ತೀನಿ."

"ಚಾಕು ಕೆಳಗಿಡಿಸೋದಲ್ಲ ತಾಯಿ ಇದು, ಕೈನೇ ಕತ್ತರಿಸೋದು." ಇದು ವಕೀಲರ ಮಾತು. ಕ್ರಿಮಿನಲ್ ನ್ಯಾಯಾಲಯದ ಅಳತೆಯೇ ಬೇಕೆಂದು ಹಟ ಹಿಡಿದವರು ಅವರು. "ಮೂವತ್ತೆರಡು ವರ್ಷ ಕಟ್ಟಿದ ಹೆಸರು. ಪದವಿ ಹೋದ ಮೇಲೆ ಜೈಲಿಗೆ ಹಾಕಿದ್ರೆಷ್ಟು, ಬಿಟ್ರೆಷ್ಟು? ಇನ್ನೊಂದು ಮಾತು. ಇವತ್ತು ನೀವು ಅಳತೆ ಇಳಿಸಿದಿರಿ ಅಂತಿಟ್ಕೊಳ್ಳಿ. ನಾಳೆ ಯಾರಿಗೆ ಬಹುಮತ ಇರುತ್ತೋ ಅವರು ತಮಗೆ ಆಗದ ತೀರ್ಪು ಕೊಟ್ಟ ಒಬ್ಬೊಬ್ಬ ನ್ಯಾಯಾಧೀಶರನ್ನೂ ಬಾಗಿಲಾಚೆ ನಿಲ್ಲಿಸ್ತಾರೆ. ಅನುಮಾನಕ್ಕೇನು ಬರ, ಬೇಕಾದಷ್ಟು ಹುಟ್ಟಿಸಬಹುದು."

ಲಿಫ್ಟಮ್ಮನಿಗೆ ಎರಡೂ ಸರಿ ಅನ್ನಿಸಿತು. ತೊಂದರೆಯಾಗಿದ್ದೇ ಅಲ್ಲಿ.

"ಸಾರ್, ಮೊದಲೇ ಹೇಳಿಬಿಡ್ತೀನಿ" ಎಂದು ಅಧ್ಯಕ್ಷರ ಕಡೆ ತಿರುಗಿದಳು. "ಹದಿನಾಲ್ಕು ವರ್ಷದ ಹಿಂದೆ ನಮ್ಮಣ್ಣನ ಮೇಲೆ ಒಂದು ಕೇಸಿತ್ತು. ಬಿಡುಗಡೆ ಮಾಡಿದ್ದು ಇದೇ ನ್ಯಾಯಮೂರ್ತಿ. ಆಗ ಅವರು ಕೆಳಗಿನ ಕೋರ್ಟಲ್ಲಿದ್ರು. ನಾನು ಇಲ್ಲಿ ಕೂರೋದು ಬೇಡ ಅಂದ್ರೆ ಎದ್ದು ಹೋಗ್ತೀನಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಇಲ್ಲಿ ನಾವು ಅವರ ಹಣೆಬರಹ ತೀರ್ಮಾನಿಸ್ತಿಲ್ಲ, ಅಳತೆಗೋಲು ತೀರ್ಮಾನಿಸ್ತಿದೀವಿ. ನೀವು ಹೇಳಿದ್ದು ನಡಾವಳಿಯಲ್ಲಿ ದಾಖಲಾಗುತ್ತೆ. ಯಾರದಾದ್ರೂ ಆಕ್ಷೇಪಣೆ ಇದೆಯಾ?" ಯಾರದೂ ಇರಲಿಲ್ಲ. "ಹಾಗಾದ್ರೆ ನಾಲ್ಕು ಗಂಟೆಗೆ ಮತ್ತೆ ಸೇರೋಣ. ಮೇಡಂ, ಅಷ್ಟರಲ್ಲಿ ಒಂದು ಕಡೆಗೆ ಬನ್ನಿ."

ವರಾಂಡದಲ್ಲಿ ವಕೀಲರು ಜೊತೆಗೆ ಹೆಜ್ಜೆ ಹಾಕಿದರು. "ನಿಮ್ಮಣ್ಣನನ್ನ ಉಳಿಸಿದ್ದೇ ಈ ಅಳತೆ ಅಲ್ವಾ ಮೇಡಂ?"

"ಹೌದು. ಅದಕ್ಕೇ ಅವನನ್ನೇ ಕೇಳೋಣ ಅಂತ ಹೊರಟಿದೀನಿ."

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಮೂರನೆಯ ನಿಲ್ದಾಣ ದಾಟುವಷ್ಟರಲ್ಲಿ ಅವಳ ತಲೆಯಲ್ಲಿ ಒಂಬತ್ತು ಅಂತಸ್ತಿನ ಆ ಕಟ್ಟಡ ಎದ್ದು ನಿಂತಿತ್ತು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಅಲ್ಲಿನ ಲಿಫ್ಟು ನಾಲ್ಕು ಮತ್ತು ಐದನೆಯ ಮಹಡಿಯ ನಡುವೆ ಸಣ್ಣಗೆ ನಡುಗುತ್ತಿತ್ತು. ಕಾರಣ ಗೊತ್ತಾಗಲಿಲ್ಲ. ಕೆಂಪು ಚೀಟಿ ಅಂಟಿಸಿ ಬೀಗ ಹಾಕಿದಳು.

ಇಲಾಖೆಯಲ್ಲಿ ಒಂದು ಪದ್ಧತಿಯಿತ್ತು. ಪುಸ್ತಕದಲ್ಲಿ ಬರೆದದ್ದಲ್ಲ, ಹಿರಿಯ ಇನ್ಸ್‌ಪೆಕ್ಟರೊಬ್ಬರು ಕಲಿಸಿ ಎಲ್ಲರ ಮೈಗೂ ಹತ್ತಿದ್ದು. ಲಿಫ್ಟಿಗೆ ಬೀಗ ಹಾಕಿದವರು ತಾವೇ ಕೊನೆಯ ಮಹಡಿಯವರೆಗೆ ಮೆಟ್ಟಿಲು ಹತ್ತಬೇಕು. ಒಂದೊಂದು ಬಾಗಿಲೂ ಬಡಿದು, ನಿಲ್ಲಿಸಿದ್ದು ನಾನು, ಈ ಕಾರಣಕ್ಕೆ ನಿಲ್ಲಿಸಿದೆ ಎಂದು ಮುಖ ನೋಡಿ ಹೇಳಬೇಕು. ಕೆಳಗಡೆ ನೋಟೀಸು ಅಂಟಿಸಿ ಜಾರಿಕೊಳ್ಳುವ ಹಾಗಿಲ್ಲ. 'ಮೊಣಕಾಲಿಗೆ ಲೆಕ್ಕ ಗೊತ್ತಾದ್ರೆ ಕೈ ಸುಮ್ ಸುಮ್ನೆ ಬೀಗ ಹಾಕಲ್ಲ' ಎನ್ನುತ್ತಿದ್ದರು ಆ ಹಿರಿಯರು.

ಅವತ್ತು ಮೂವತ್ತಾರು ಬಾಗಿಲು ಬಡಿದಳು. ಒಂಬತ್ತನೆಯ ಮಹಡಿಯ ಮಂಡಿನೋವಿನ ಅಜ್ಜಿ, "ಕೆಟ್ಟಿದೆ ಅಂತ ಸಾಬೀತಾಯ್ತೇನಮ್ಮ?" ಎಂದು ಕೇಳಿತ್ತು.

"ಇಲ್ಲ ಅಜ್ಜಿ, ಅನುಮಾನ."

"ಅನುಮಾನಕ್ಕೆ ನನ್ನನ್ನ ಮನೇಲಿ ಕೂಡಿ ಹಾಕ್ತೀಯಾ?"

ಹನ್ನೊಂದನೆಯ ದಿನ ಬಿಚ್ಚಿ ನೋಡಿದರೆ ಹಗ್ಗ ಗಟ್ಟಿಯಾಗಿಯೇ ಇತ್ತು. ಯಾವುದೋ ಸಣ್ಣ ರಬ್ಬರು ಸವೆದಿತ್ತು, ಅಷ್ಟೆ. ಅಜ್ಜಿ ಹನ್ನೊಂದು ದಿನ ಮನೆಯಿಂದ ಇಳಿದಿರಲಿಲ್ಲ. ಹಾಗೆಂದು ಮುಂದಿನ ಸಲ ಲಿಫ್ಟು ನಡುಗಿದಾಗ ಅವಳು ಬೀಗ ಹಾಕದೆ ಬಿಡಲಿಲ್ಲ. ಲಿಫ್ಟು ನಿಲ್ಲಿಸಲು ಅನುಮಾನ ಸಾಕು. ಮೆಕ್ಯಾನಿಕ್‌ನನ್ನು ಜೈಲಿಗೆ ಕಳಿಸಲು ಸಾಲದು. ಇಪ್ಪತ್ಮೂರು ವರ್ಷ ಹೀಗೇ ನಡೆದಿತ್ತು. ಆದರೆ ನ್ಯಾಯಮೂರ್ತಿ ಲಿಫ್ಟೂ ಅಲ್ಲ, ಮೆಕ್ಯಾನಿಕ್ಕೂ ಅಲ್ಲ. ಅವರನ್ನು ಯಾವ ಕಡೆ ಸೇರಿಸುವುದು?

ಅಣ್ಣನ ಅಂಗಡಿ ದರ್ಜಿಗಳ ಬೀದಿಯಲ್ಲಿತ್ತು. ಹೊಲಿಗೆ ಯಂತ್ರ ರಿಪೇರಿ. ಒಂದು ಕಾಲಕ್ಕೆ ಹತ್ತು ಟನ್ ಕಬ್ಬಿಣವನ್ನು ಮೊಟ್ಟೆಯ ಹಾಗೆ ಎತ್ತಿ ಇಳಿಸುತ್ತಿದ್ದ ಕ್ರೇನ್ ಆಪರೇಟರ್ ಈಗ ಸೂಜಿಯ ಕಣ್ಣಿಗೆ ಕಣ್ಣು ಹಚ್ಚಿ ಕೂರುತ್ತಾನೆ. ಹದಿನಾಲ್ಕು ವರ್ಷದ ಹಿಂದೆ ಗೋದಾಮಿನಲ್ಲಿ ಅವನ ಕ್ರೇನಿನಿಂದ ತಗಡಿನ ಕಟ್ಟು ಜಾರಿ ಬಿದ್ದು ಒಬ್ಬ ಕೂಲಿಯ ಕಾಲು ಹೋಯಿತು. ಶೀತದ ಮಾತ್ರೆ ನುಂಗಿ ಮಂಪರಿನಲ್ಲಿದ್ದ ಎಂದು ಪೊಲೀಸರು ಕೇಸು ಹಾಕಿದರು. ಅವನ ಜೇಬಿನಲ್ಲಿ ಔಷಧದಂಗಡಿಯ ಚೀಟಿ ಸಿಕ್ಕಿತ್ತು. ರಕ್ತಪರೀಕ್ಷೆ ಒಂಬತ್ತು ತಾಸು ತಡವಾಗಿ ಏನೂ ಹೇಳದಂತಾಗಿತ್ತು. ತೀರ್ಪಿನ ಎರಡು ಸಾಲನ್ನು ಅಣ್ಣ ಕತ್ತರಿಸಿ ಚೌಕಟ್ಟು ಹಾಕಿಸಿ ಗಲ್ಲಾದ ಮೇಲೆ ತೂಗುಹಾಕಿದ್ದ: 'ಮಾತ್ರೆ ಕೊಂಡದ್ದು ಸಾಬೀತಾಗಿದೆ. ನುಂಗಿದ್ದು ಸಾಬೀತಾಗಿಲ್ಲ.'

"ಓಹೋ, ಸರ್ಕಾರವೇ ಬಂದುಬಿಡ್ತು" ಎಂದ ಅಣ್ಣ, ತಲೆ ಎತ್ತದೆ. "ನಿಮ್ಮತ್ತಿಗೆ ಊಟದ ಡಬ್ಬಿ ಕಳಿಸಿದಾಳೆ. ಇಬ್ಬರಿಗೆ ಸಾಲಲ್ಲ, ಮೊದಲೇ ಹೇಳಿದೀನಿ."

"ನಂಗೆ ಹಸಿವಿಲ್ಲ ಅಣ್ಣ. ಒಂದು ವಿಷಯ ಕೇಳ್ಬೇಕಿತ್ತು."

"ಹಸಿವಿಲ್ಲ ಅಂದವರೇ ಡಬ್ಬಿ ಖಾಲಿ ಮಾಡೋದು. ಕೂತ್ಕೋ."

ಅವಳು ಸ್ಟೂಲು ಎಳೆದು ಕೂತು ಎಲ್ಲವನ್ನೂ ಹೇಳಿದಳು: ನಾಲ್ಕಕ್ಕೆ ನಾಲ್ಕು, ಡಾಕ್ಟರ ಚಾಕು, ವಕೀಲರ ಕೈ, ಹದಿನೇಳು ಚೀಟಿ. ಅಣ್ಣ ಕೈಯೊರೆಸಿಕೊಂಡ. ಆರು ಬಣ್ಣದ ದಾರದ ಉರುಳೆಗಳನ್ನು ಬಟ್ಟೆಯ ಚೀಲಕ್ಕೆ ಹಾಕಿ ಅವಳ ಮುಂದೆ ಹಿಡಿದ.

"ಎತ್ತು. ಕಣ್ಮುಚ್ಚಿ."

ಕೆಂಪು ಬಂತು. ವಾಪಸ್ಸು ಹಾಕಿ ಮತ್ತೆ ಎತ್ತಿದಳು. ಮತ್ತೆ ಕೆಂಪು. ಇಬ್ಬರೂ ಮುಖ ಮುಖ ನೋಡಿಕೊಂಡರು. ಮೂರನೆಯದು ಹಳದಿ. ಹೀಗೇ ಮೂವತ್ತು ಸಲ ಎತ್ತಿದರು. ಒಂದೇ ಬಣ್ಣ ಸಾಲಾಗಿ ಮೂರು ಸಲ ಬಂದದ್ದು ಒಮ್ಮೆ ಮಾತ್ರ.

"ಹದಿನೇಳು ಸಲ ಬರುತ್ತಾ?" ಎಂದು ಅವಳು ಕೇಳಿದಳು.

"ಬರಬಹುದು. ನಾವಿಬ್ಬರೂ ಸತ್ತು, ನಮ್ಮ ಮೊಮ್ಮಕ್ಕಳೂ ಎತ್ತುತ್ತಾ ಕೂತ್ರೆ." ಅಣ್ಣ ಚೀಲ ಕೆಳಗಿಟ್ಟು ಸ್ಕ್ರೂಡ್ರೈವರ್ ಎತ್ತಿಕೊಂಡ. "ಯಾರೋ ಕೈ ಆಡಿಸಿದಾರೆ, ಅದು ಬಿಡು. ಆದರೆ ಸಾಹೇಬರದೇ ಕೈ ಅಂತ ಈ ಚೀಲ ಹೇಳಲ್ಲವಲ್ಲ."

"ಅದೇ ನೋಡು. ಕೋರ್ಟಾದ್ರೆ ಸಂಶಯದ ಲಾಭ ಕೊಟ್ಟು ಬಿಡ್ತಾರೆ. ನಿನ್ನನ್ನ ಬಿಟ್ಟ ಹಾಗೆ."

ಅಣ್ಣ ಗೋಡೆಯ ಚೌಕಟ್ಟಿನ ಕಡೆ ನೋಡಿದ. "ಈ ಮನುಷ್ಯ ಇಲ್ಲದಿದ್ರೆ ನಾನು ಮೂರು ವರ್ಷ ಒಳಗಿರ್ತಿದ್ದೆ. ನಾನು ಸತ್ರೂ ಅದನ್ನ ಮರೆಯಲ್ಲ. ಆದ್ರೆ ಒಂದು ತಿಳ್ಕೋ. ಅವರು ನನ್ನನ್ನ ಜೈಲಿಂದ ಉಳಿಸಿದ್ರು, ಕ್ರೇನ್ ಕೊಡಿಸಲಿಲ್ಲ. ಕ್ರೇನ್ ಕೊಡೋದು ಬಿಡೋದು ನಿಮ್ಮ ಇಲಾಖೆಯ ಲೈಸೆನ್ಸ್ ಮಂಡಳಿ ಕೈಲಿತ್ತು. ಕೊಡಲಿಲ್ಲ."

ಮಾತು ಇಲ್ಲಿಗೇ ಬರುತ್ತದೆಂದು ಅವಳಿಗೆ ಬಸ್ಸು ಹತ್ತುವಾಗಲೇ ಗೊತ್ತಿತ್ತು.

"ಅಣ್ಣ, ಆವತ್ತು ಮಂಡಳಿ ಸೇರಿದ್ದಾಗ ನನ್ನನ್ನ ಹೊರಗೆ ಕೂರಿಸಿದ್ರು. ತಂಗಿ ಅಂತ."

"ಗೊತ್ತು."

"ಮಧ್ಯದಲ್ಲಿ ಚಹಾಕ್ಕೆ ಎದ್ದು ಬಂದ್ರು. ನಮ್ಮ ಮುಖ್ಯಸ್ಥರು ಹತ್ತಿರ ಬಂದು ಒಂದೇ ಮಾತು ಕೇಳಿದ್ರು. ಅವನು ಮೇಲೆ ಕ್ರೇನ್ ನಡೆಸ್ತಿರುವಾಗ ಕೆಳಗೆ ನೀನು ನಿಲ್ತೀಯಾ ಅಂತ."

ಅಣ್ಣನ ಕೈಲಿದ್ದ ಸ್ಕ್ರೂಡ್ರೈವರ್ ನಿಂತಿತು. "ನೀನೇನಂದೆ?"

"ಏನೂ ಅನ್ನಲಿಲ್ಲ. ಚಹಾ ಕುಡಿದೆ. ಅವರು ಒಳಗೆ ಹೋದ್ರು. ಹತ್ತು ನಿಮಿಷಕ್ಕೆ ಮುಗೀತು."

ಬೀದಿಯಲ್ಲಿ ಯಾರೋ ತಳ್ಳುಗಾಡಿಗೆ ದಾರಿ ಬಿಡಿ ಎಂದು ಕೂಗುತ್ತಿದ್ದರು. ಅಂಗಡಿಯೊಳಗೆ ಎಣ್ಣೆಯ ವಾಸನೆ.

"ಹದಿನಾಲ್ಕು ವರ್ಷ" ಎಂದ ಅಣ್ಣ. "ವಾರಕ್ಕೊಂದು ಸಲ ಈ ಸ್ಟೂಲ್ ಮೇಲೆ ಕೂತು ನನ್ನ ಡಬ್ಬಿ ಖಾಲಿ ಮಾಡಿದೀಯ. ಮೂವತ್ತಾರು ಬಾಗಿಲು ಬಡಿದ ಕಥೆ ನೂರು ಸಲ ಹೇಳಿದೀಯ."

"ಹೌದು."

"ನನ್ನ ಬಾಗಿಲು ಮಾತ್ರ ಬಡೀಲಿಲ್ಲ."

ಅಣ್ಣ ಎದ್ದು ಹೋಗಿ ನೀರು ಕುಡಿದು ಬಂದ. ಬೈಯುತ್ತಾನೆಂದು ಕಾದಳು. ಅವನು ಬೈಯಲಿಲ್ಲ, ಅವಳ ಮುಖವನ್ನೇ ನೋಡಿ, "ಯಾಕೆ ನಿಲ್ತೀನಿ ಅನ್ನಲಿಲ್ಲ?" ಎಂದು ಕೇಳಿದ. ಯಂತ್ರ ಏಕೆ ಓಡುತ್ತಿಲ್ಲವೆಂದು ಕೇಳುವ ದನಿಯಲ್ಲಿ.

"ನೀನು ಮಾತ್ರೆ ನುಂಗಿದ್ಯೋ ಇಲ್ವೋ ನಂಗೆ ಗೊತ್ತಿರಲಿಲ್ಲ. ಕೇಳೋಕೆ ಧೈರ್ಯ ಇರಲಿಲ್ಲ."

"ನುಂಗಿದ್ದೆ. ಒಂದು. ಬೆಳಿಗ್ಗೆ ಆರು ಗಂಟೆಗೆ. ಕಟ್ಟು ಬಿದ್ದಿದ್ದು ಮಧ್ಯಾಹ್ನ ಎರಡೂವರೆಗೆ. ಅದರಿಂದಲೇ ಬಿತ್ತಾ, ಸರಪಳಿ ಕೊಂಡಿ ಸರಿ ಇರಲಿಲ್ವಾ? ನಿಜ ಹೇಳ್ತೀನಿ, ನಂಗೂ ಇವತ್ತಿಗೂ ಗೊತ್ತಿಲ್ಲ." ಅವನು ಮತ್ತೆ ಕೂತ. "ಕೋರ್ಟಲ್ಲಿ ಬಾಯಿ ಬಿಡಬೇಡ ಅಂದ್ರು ವಕೀಲರು. ಬಿಡಲಿಲ್ಲ. ಅದು ಸರಿನೇ, ಜೈಲಿನ ವಿಷಯ. ಮಂಡಳಿಯವರು ಕರೆದು ಕೇಳಿದ್ದಿದ್ರೆ ಎಲ್ಲಾ ಹೇಳ್ತಿದ್ದೆ. ಕೇಳಿದ ಮೇಲೂ ಕ್ರೇನ್ ಕೊಡಲ್ಲ ಅಂದಿದ್ರೆ, ಸರಿ ಕಣಪ್ಪ, ಕೆಳಗೆ ನಿಲ್ಲೋರದೂ ಜೀವ ಅಂತ ಸುಮ್ಮನಾಗ್ತಿದ್ದೆ. ಅವರು ಕೇಳಲೂ ಇಲ್ಲ, ಹೇಳಲೂ ಇಲ್ಲ. ಒಂದು ಚೀಟಿ ಬಂತು, ನವೀಕರಿಸಲಾಗಿಲ್ಲ ಅಂತ."

"ಹಾಗಾದ್ರೆ ಕ್ರೇನ್ ಕಿತ್ಕೊಳ್ಳೋಕೆ ಕೋರ್ಟಿನಷ್ಟು ಸಾಬೀತು ಬೇಡ ಅಂತೀಯಾ?"

"ಬೇಡ. ಆದ್ರೆ ಕಿತ್ಕೊಳ್ಳೋನು ನನ್ನೆದುರಿಗೆ ನಿಂತು, ನೋಡಪ್ಪ, ಇದನ್ನ ನೋಡಿ ನಂಗೆ ನಿನ್ನ ಮೇಲೆ ನಂಬಿಕೆ ಹೋಯ್ತು ಅನ್ನಬೇಕು. ಚಹಾ ಕುಡೀತಾ ಕೂರಬಾರದು." ಅವನು ಗಡಿಯಾರ ನೋಡಿದ. "ಮೂರು ಇಪ್ಪತ್ತು. ಹೊರಡು, ಬಸ್ಸು ತಪ್ಪುತ್ತೆ."

"ಅಣ್ಣ..."

"ಹೊರಡು ಅಂದೆನಲ್ಲ. ನಂಗೆ ಸಿಟ್ಟು ಬರೋಕೆ ಸ್ವಲ್ಪ ಹೊತ್ತು ಬೇಕು. ಆಗ ನೀನು ಇಲ್ಲಿರಬೇಡ."

ನಾಲ್ಕು ಗಂಟೆ ಐದು ನಿಮಿಷಕ್ಕೆ ಸಮಿತಿ ಸೇರಿತು. ಲಿಫ್ಟಮ್ಮ ಬಸ್ಸಿನ ಟಿಕೀಟಿನ ಹಿಂದೆ ಬರೆದುಕೊಂಡದ್ದನ್ನು ಓದಿದಳು. ಕ್ರಿಮಿನಲ್ ನ್ಯಾಯಾಲಯದ ಅಳತೆ ಬೇಡ. ಮಾಡಿರುವ ಸಂಭವವೇ ಹೆಚ್ಚೆಂದು ಸ್ಪಷ್ಟವಾಗಿ ಮನವರಿಕೆಯಾದರೆ ಸಾಕು. ಆದರೆ ಎರಡು ಷರತ್ತು. ಒಂದು, ಆರೋಪ ಹೊತ್ತವರನ್ನು ಸದನ ನೇರವಾಗಿ ಕೇಳಬೇಕು, ಅವರು ಹೇಳುವಷ್ಟು ಹೊತ್ತು ಕೇಳಿಸಿಕೊಳ್ಳಬೇಕು. ಎರಡು, ಇಳಿಸಬೇಕೆನ್ನುವ ಪ್ರತಿ ಸದಸ್ಯರೂ ಅವರ ಎದುರಿಗೆ ಎದ್ದು ನಿಂತು, ಯಾವ ಸಂಗತಿಯಿಂದ ತನಗೆ ಮನವರಿಕೆಯಾಯಿತು ಎಂದು ಸ್ವಂತ ಮಾತಿನಲ್ಲಿ ಹೇಳಬೇಕು. ಹೇಳಲಾಗದ ಮತ ಎಣಿಕೆಗೆ ಬರುವುದಿಲ್ಲ.

"ಇದೆಂಥದು, ತೊಂಬತ್ತು ಜನ ತೊಂಬತ್ತು ಭಾಷಣ?" ಎಂದರು ಡಾಕ್ಟರು.

"ಒಬ್ಬೊಬ್ಬರಿಗೆ ಒಂದು ನಿಮಿಷ ಸಾಕು. ಕಾರಣ ಇದ್ದವರಿಗೆ."

ವಕೀಲರು ಪೆನ್ನು ತಿರುಗಿಸುತ್ತಾ ಕೂತಿದ್ದರು. "ನನ್ನ ಅಳತೆಗೆ ಕೈ ಎತ್ತಲ್ಲ ಅಂದ್ರಿ."

"ಇಲ್ಲ ಸಾರ್."

"ಆದ್ರೆ ನಿಮ್ಮ ಎರಡನೇ ಷರತ್ತು ನನ್ನ ಅಳತೆಗಿಂತ ಕಷ್ಟ. ಗೊತ್ತಿದೆಯಾ?"

"ಇರಬಹುದು. ನಾನಂತೂ ಒಂದ್ಸಲ ಅದರಲ್ಲಿ ಫೇಲಾಗಿದೀನಿ."

ಏನೆಂದು ಯಾರೂ ಕೇಳಲಿಲ್ಲ. ಮೇಷ್ಟ್ರು ಮತಕ್ಕೆ ಹಾಕಿದರು. ಐದಕ್ಕೆ ನಾಲ್ಕರಲ್ಲಿ ನಿಯಮ ಅಂಗೀಕಾರವಾಯಿತು.

ವಿಚಾರಣೆ ಹತ್ತೊಂಬತ್ತು ದಿನ ನಡೆಯಿತು. ಹದಿನಾರನೆಯ ದಿನ ಮುಖ್ಯ ನ್ಯಾಯಮೂರ್ತಿ ಮೊದಲ ಸಲ ಬಾಯಿ ಬಿಟ್ಟು ನಲವತ್ತು ನಿಮಿಷ ಮಾತಾಡಿದರು. ಡಬ್ಬಿಯ ಬೀಗದಕೈ ತಮ್ಮ ಮೇಜಿನ ಖಾನೆಯಲ್ಲಿರುತ್ತಿತ್ತು, ಖಾನೆಗೆ ಬೀಗವಿರಲಿಲ್ಲ, ಹದಿನೇಳು ಸಲ ಒಂದೇ ಪೀಠ ಬಂದದ್ದನ್ನು ತಾವು ಗಮನಿಸಲಿಲ್ಲ ಎಂದರು. ಕೊನೆಯ ದಿನ ಸದಸ್ಯರು ಒಬ್ಬೊಬ್ಬರಾಗಿ ಎದ್ದರು. ಲಿಫ್ಟಮ್ಮ ತನ್ನ ಸರದಿಯಲ್ಲಿ ಅವರ ಮುಖ ನೋಡಿ, "ಸ್ವಾಮಿ, ನನ್ನ ಅಣ್ಣ ಮನೆಯಲ್ಲಿ ಊಟ ಮಾಡ್ತಿರೋದು ನಿಮ್ಮಿಂದ. ಆದರೆ ನಡುಗುವ ಲಿಫ್ಟನ್ನ ನೀವು ಹದಿನೇಳು ಸಲ ಹತ್ತಿ ಇಳಿದಿರಿ, ನಡುಕ ಗೊತ್ತಾಗಲಿಲ್ಲ ಅಂತೀರಿ. ಅದನ್ನ ನಾನು ನಂಬಲ್ಲ" ಎಂದಳು. ನ್ಯಾಯಮೂರ್ತಿ ತಲೆಯಾಡಿಸಿದರು, ಒಪ್ಪಿದ್ದಕ್ಕಲ್ಲ, ಕೇಳಿಸಿತೆಂದು. ಅವರನ್ನು ಇಳಿಸಲು ಅರವತ್ತು ಮತ ಬೇಕಿತ್ತು. ಕಾರಣ ಹೇಳಿ ಎಣಿಕೆಗೆ ಬಂದವು ಐವತ್ತೆಂಟು. ತಿಂಗಳುಗಟ್ಟಲೆ ಪತ್ರಿಕೆಗಳಲ್ಲಿ ರಾಜೀನಾಮೆ ಕೇಳಿದ್ದ ಮೂವರು ಸದಸ್ಯರು ಮೈಕಿನ ಮುಂದೆ ನಿಂತು, ಎಲ್ಲರಿಗೂ ಗೊತ್ತಿರುವ ವಿಷಯ ಎಂದಷ್ಟೇ ಹೇಳಿ ಕೂತಿದ್ದರು. ಮುಖ್ಯ ನ್ಯಾಯಮೂರ್ತಿ ನಿವೃತ್ತಿಯವರೆಗಿನ ಎಂಟು ತಿಂಗಳು ಪದವಿಯಲ್ಲೇ ಉಳಿದರು. ಚೀಟಿ ಡಬ್ಬಿಗೆ ಮೂರನೆಯ ಬೀಗ ಬಂತು.

ಅಂಗಡಿಯ ಆ ಮಧ್ಯಾಹ್ನದ ನಂತರ ಐದು ವಾರ ಅಣ್ಣ ಅವಳ ಫೋನು ಎತ್ತಲಿಲ್ಲ. ಅತ್ತಿಗೆ ಎತ್ತಿ, "ಸಿಟ್ಟು ಇನ್ನೂ ಬರ್ತಾ ಇದೆ ಕಣೇ, ತಡಿ" ಎನ್ನುತ್ತಿದ್ದಳು. ಆರನೆಯ ವಾರ ಅವನೇ ಮನೆಗೆ ಬಂದು ಒಂದು ಹಾಳೆ ಅವಳ ಕೈಗಿಟ್ಟ. ಲೈಸೆನ್ಸ್ ಮಂಡಳಿಯ ಹಳೆಯ ಕಡತದ ನಕಲು, ಅರ್ಜಿ ಹಾಕಿ ತರಿಸಿದ್ದು. ಮೂವರ ಸಹಿಯಿತ್ತು. 'ಕಾರಣ' ಎಂಬ ಕಾಲಂ ಖಾಲಿ ಇತ್ತು.

"ಇದನ್ನ ತುಂಬಿಸಿ ಕೊಡಿ ಅಂತ ಬರೆದು ಹಾಕಿದೀನಿ" ಎಂದ. "ಕ್ರೇನ್ ಹತ್ತೋ ವಯಸ್ಸು ಹೋಯ್ತು. ಆದ್ರೂ."

ಮಂಡಳಿ ಮುಂದಿನ ತಿಂಗಳ ಹನ್ನೆರಡಕ್ಕೆ ವಿಚಾರಣೆ ಇಟ್ಟಿತು. ಅರ್ಜಿದಾರನ ಸಾಕ್ಷಿಗಳ ಪಟ್ಟಿಯಲ್ಲಿ ಒಂದೇ ಹೆಸರಿತ್ತು, ತಂಗಿಯದು. ಮಂಡಳಿಯ ಕೊಠಡಿ ಆರನೆಯ ಮಹಡಿಯಲ್ಲಿತ್ತು. ಲಿಫ್ಟು ಚೆನ್ನಾಗಿಯೇ ಓಡುತ್ತಿತ್ತು. ಅವಳು ಮೆಟ್ಟಿಲು ಹತ್ತಿ ಹೋದಳು.